ಒಂದು ಹಳ್ಳಿ, ಇಬ್ಬರು ಸಭಾಪಾಲಕರು



ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ಈಮ್ ಅಂತ ಒಂದು ಪುಟ್ಟ ಹಳ್ಳಿ ಇದೆ. 1665ರಲ್ಲಿ ಲಂಡನ್ನಿನಿಂದ ಟೈಲರ್ ಮನೆಗೆ ಬಂದ ಬಟ್ಟೆ ಗಂಟಿನ ಜೊತೆ ಪ್ಲೇಗ್ ಬಂತು ಅಂತಾರೆ. ಸಭಾಪಾಲಕ ವಿಲಿಯಂ ಮಾಂಪೆಸನ್‌ಗೆ ಒಂದು ವಿಷಯ ಸ್ಪಷ್ಟವಾಗಿತ್ತು: ನಾವು ಓಡಿದರೆ ರೋಗವೂ ಪಕ್ಕದ ಊರುಗಳಿಗೆ ಹೋಗುತ್ತದೆ, ಆದ್ದರಿಂದ ಯಾರೂ ಊರು ಬಿಡಬಾರದು.

ಆದರೆ ಅವರು ಊರಿಗೆ ಹೊಸಬರು. ಜನರ ಪ್ರೀತಿ ಇದ್ದದ್ದು ಹಿಂದಿನ ಪಾಸ್ಟರ್ ಥಾಮಸ್ ಸ್ಟ್ಯಾನ್ಲಿ ಮೇಲೆ. ಸ್ಟ್ಯಾನ್ಲಿ ಸರ್ಕಾರದ ಆರಾಧನಾ ಕಾಯ್ದೆ ಒಪ್ಪದೆ ಸ್ಥಾನ ಕಳಕೊಂಡವರು. ಇಬ್ಬರದ್ದೂ ಬೇರೆ ಬೇರೆ ಪಕ್ಷ. ಆದರೂ 1666ರಲ್ಲಿ ಇಬ್ಬರೂ ಜೊತೆಯಾಗಿ ನಿಂತು ಕೇಳಿಕೊಂಡರು, ಜನ ಒಪ್ಪಿದರು.

ಚರ್ಚ್ ಮುಚ್ಚಿ ಬಯಲಲ್ಲಿ ಆರಾಧನೆ ನಡೀತು. ಗಡಿಕಲ್ಲಿನ ಕುಳಿಗಳಲ್ಲಿ ವಿನೆಗರ್ ಹಾಕಿ ಕಾಸು ಇಡೋರು, ಹೊರಗಿನವರು ಆಹಾರ ಇಟ್ಟು ಹೋಗೋರು. ಸುಮಾರು 260 ಜನ ಸತ್ತರು. ಮಾಂಪೆಸನ್ ಅವರ ಹೆಂಡತಿ ಕ್ಯಾಥರೀನ್ ಕೂಡ.

ಪ್ರಿಯರೇ, ವರ್ಷಿಪ್ ಇಷ್ಟವಾಗಲಿಲ್ಲ, ಯಾರೋ ಏನೋ ಅಂದರು ಅಂತ ನಾವು ಸಭೆ ಬದಲಾಯಿಸ್ತೇವೆ. ಹಳೇ ಸಭೆಯವರು ಮೆಟ್ರೋದಲ್ಲಿ ಸಿಕ್ಕರೆ ಫೋನ್ ನೋಡ್ತಾ ನಿಲ್ತೇವೆ. ಆ ಇಬ್ಬರು ಸಭಾಪಾಲಕರ ಭಿನ್ನಾಭಿಪ್ರಾಯ ಇದಕ್ಕಿಂತ ಚಿಕ್ಕದಾ? ವಾದ ಮುಗಿಯಲಿ, ಆಮೇಲೆ ನೋಡೋಣ ಅಂತ ಅವರು ಕಾಯಲಿಲ್ಲ. ಕಾದಿದ್ದರೆ ಊರು ಚದುರಿ ಹೋಗ್ತಿತ್ತು.

ಶಿಲುಬೆಗೆ ಹೋಗುವ ಮುಂಚೆ ಯೇಸು ಸ್ವಾಮಿ ನಾವು ಒಂದಾಗಿರಲೆಂದು ಪ್ರಾರ್ಥಿಸಿದರು. ಯೋಹಾನ 17 ಓದಿ. ಈ ವಾರ, ಮಾತು ಬಿಟ್ಟಿರುವ ಒಬ್ಬ ವಿಶ್ವಾಸಿಗೆ ನೀವೇ ಮೊದಲು ಫೋನ್ ಮಾಡಿ. ಕರ್ತನು ನಿಮ್ಮನ್ನು ಆಶೀರ್ವದಿಸಲಿ. ಆಮೆನ್.