ಪುಷ್ಪಕವಿದ್ದ ನಾಡಿಗೆ ಕಾಲುವೆ ಬೇಕೇ?

ಇಲ್ಲದ ರಾಜ್ಯಗಳ ಕಥೆ ಹೇಳುವವರು ಎಲ್ಲ ಕಾಲದಲ್ಲಿಯೂ ಇದ್ದರು. ಈಗಿನವರು ಮೊದಲ ಪುಟದಲ್ಲಿಯೇ ಆ ರಾಜ್ಯದ ಭೂಪಟವನ್ನೂ ಬರೆದು ಕೊಡುತ್ತಾರೆ. ಅಂಥ ಪಟಗಳನ್ನು ನೋಡುತ್ತ ಕೂರುವುದು ನನಗೆ ಇಷ್ಟ. ಎರಡು ಕಡಲುಗಳ ನಡುವೆ ಕಿರಿದಾದ ನೆಲ; ವ್ಯಾಪಾರಕ್ಕೆಂದು ರಾಜನೊಬ್ಬ ಅದನ್ನು ಸೀಳಿ ತೋಡಿಸಿದ ಕಾಲುವೆ. ಅದೇ ಕಥೆಯಲ್ಲಿ ಮಂತ್ರ ಹೇಳಿ ಆಕಾಶಕ್ಕೆ ಹಾರುವವರೂ ಇರುತ್ತಾರೆ. ಹಾರಬಲ್ಲವರ ನಾಡಿನಲ್ಲಿ ಗುದ್ದಲಿ ಹಿಡಿದು ಕಾಲುವೆ ತೋಡುವುದಕ್ಕೆ ಅರ್ಥವುಂಟೇ?

ಇದು ಹುಡುಗಾಟದ ಪ್ರಶ್ನೆಯೆಂದು ತಳ್ಳಿಹಾಕುವ ಮೊದಲು ವಾಲ್ಮೀಕಿಯನ್ನು ನೆನೆಯಬೇಕು. ಹನುಮಂತ ಒಂದೇ ನೆಗೆತಕ್ಕೆ ಸಮುದ್ರ ದಾಟಿ, ಲಂಕೆಯನ್ನು ಸುಟ್ಟು, ಹಿಂದಕ್ಕೂ ಬಂದಿದ್ದ. ಆದರೂ ಸೇತುವೆ ಕಟ್ಟಬೇಕಾಯಿತು. ನಳನ ಕೆಲಸದ ಲೆಕ್ಕವನ್ನು ಕವಿ ಮೇಸ್ತ್ರಿಯ ಪುಸ್ತಕದಂತೆ ಇಟ್ಟಿದ್ದಾನೆ: ಮೊದಲ ದಿನ 14 ಯೋಜನ, ಎರಡನೆಯ ದಿನ 20, ಆಮೇಲೆ 21, 22, 23, ಐದು ದಿನಕ್ಕೆ ನೂರು ತುಂಬಿತು. ಕೈ ಪಳಗಿದಂತೆ ಕೆಲಸ ಚುರುಕಾಗುವುದನ್ನು ಸಹ ಅವನು ಮರೆಯಲಿಲ್ಲ. ಒಬ್ಬ ಹಾರಿದನೆಂದು ಕೋಟಿ ಕಪಿಗಳು ಹಾರಲಾರವು. ಅವುಗಳಿಗೆ ಕಾಲಿಡಲು ಕಲ್ಲು ಬೇಕು.

ಪುಷ್ಪಕವಿತ್ತಲ್ಲ ಎಂದು ಯಾರಾದರೂ ಕೇಳಿಯಾರು. ಇತ್ತು. ಎಷ್ಟು ಜನ ಹತ್ತಿದರೂ ಜಾಗವಿರುವ ವಿಮಾನ; ಯುದ್ಧ ಮುಗಿದ ಮೇಲೆ ವಾನರರೆಲ್ಲರೂ ಅದನ್ನೇರಿಯೇ ಅಯೋಧ್ಯೆಗೆ ಹೋದರು. ಆದರೆ ಸೇತುವೆ ಕಟ್ಟುವ ಹೊತ್ತಿಗೆ ಅದು ಇದ್ದದ್ದು ರಾವಣನ ಅಂಗಳದಲ್ಲಿ. ಕಲ್ಪಿತ ಲೋಕದಲ್ಲಿ ಕಾಲುವೆಗೆ ಅರ್ಥ ಬರುವುದು ಇಲ್ಲಿಂದಲೇ ಎಂದು ನನಗೆ ತೋರುತ್ತದೆ. ಪವಾಡ ಉಂಟೋ ಇಲ್ಲವೋ ಎಂಬುದು ಆಮೇಲಿನ ಮಾತು. ಅದು ಯಾರ ಸ್ವತ್ತು ಎಂಬುದನ್ನು ಮೊದಲು ಕೇಳಬೇಕು. ಮಂತ್ರವಾದಿ ರಾಜನ ಪತ್ರವನ್ನು, ಮುತ್ತುರತ್ನಗಳನ್ನು ಹೊತ್ತು ಹಾರಿಯಾನು. ಉಪ್ಪಿನ ಮೂಟೆಯನ್ನು, ಹೆಂಚನ್ನು, ಸೌದೆಯನ್ನು ಹೊರುವವನಲ್ಲ. ಇವುಗಳಿಗೆ ನೀರೇ ಗತಿ. ರಸ್ತೆಯ ಮೇಲೆ ಒಂದೆರಡು ಟನ್ ಎಳೆಯುವ ಕುದುರೆ ದಂಡೆಯಲ್ಲಿ ನಡೆಯುತ್ತ ದೋಣಿಯಲ್ಲಿಟ್ಟ 30 ಟನ್ ಎಳೆಯಬಲ್ಲುದು. ಈ ಲೆಕ್ಕಕ್ಕೆ ಯಾವ ಮಂತ್ರವೂ ಬೇಕಿಲ್ಲ.

ಈ ಲೆಕ್ಕವನ್ನು ನಂಬಿ ನಮ್ಮ ನದಿಯ ಮೇಲೆಯೇ ಕನಸು ಕಂಡವರಿದ್ದರು. ಸರ್ ಆರ್ಥರ್ ಕಾಟನ್ ಎಂಬ ಎಂಜಿನಿಯರನಿಗೆ ರೈಲೆಂದರೆ ಆಗದು. ಹಿಂದೂಸ್ಥಾನಕ್ಕೆ ಬೇಕಾದುದು ದೋಣಿ ಹೋಗುವ ಕಾಲುವೆಗಳೆಂದು ಆತನ ವಾದ. ತುಂಗಭದ್ರೆಗೆ ಸುಂಕೇಸುಲದಲ್ಲಿ ಕಟ್ಟೆ ಹಾಕಿ, ಕರ್ನೂಲಿನಿಂದ ಕಡಪೆಯತ್ತ ಕಾಲುವೆ ತೋಡಿದರು. ನೀರಾವರಿ, ದೋಣಿ ಎರಡಕ್ಕೂ ಆಗಬೇಕೆಂಬ ಎಣಿಕೆ. ಹಣ ಹೂಡಿದ ಕಂಪೆನಿ ಲಾಭ ಕಾಣಲಿಲ್ಲ. 1882ರಲ್ಲಿ ಸರ್ಕಾರವೇ ಅದನ್ನು ಕೊಂಡುಕೊಂಡಿತು. ಆ ಕಾಲದ ಪುಷ್ಪಕವೆಂದರೆ ರೈಲು. ಅದು ಬಂದ ಮೇಲೆ ಕಾಲುವೆಯ ದೋಣಿಗೆ ಸರಕು ಸಾಲದಾಯಿತು. ಮದರಾಸಿನ ಬಕಿಂಗ್‌ಹ್ಯಾಮ್ ಕಾಲುವೆಯ ಕಥೆಯೂ ಹೆಚ್ಚು ಬೇರೆಯಲ್ಲ.

ಇನ್ನು ತೋಡುವವರ ಮಾತು. ಸುಯೆಜ್ ಕಾಲುವೆಯ ಮೊದಲ ವರ್ಷಗಳಲ್ಲಿ ಈಜಿಪ್ಟಿನ ರೈತರನ್ನು ಬಿಟ್ಟಿಯಾಳುಗಳಾಗಿ ಹಿಡಿತಂದು ಅಗೆಸಿದರು. 1869ರಲ್ಲಿ ಹಡಗುಗಳು ಸಾಗಿದವು. ಕಾಲುವೆ ಆ ನಾಡಿನ ಕೈಸೇರಿದ್ದು 1956ರಲ್ಲಿ. ಭೂಪಟದ ಮೇಲೆ ನೀಲಿ ಗೆರೆ ಎಳೆಯುವ ಕಾದಂಬರಿಕಾರ ಇಷ್ಟನ್ನಾದರೂ ಯೋಚಿಸಬೇಕೆಂದು ನನ್ನ ಕೋರಿಕೆ.

ಗೆರೆ ಎಳೆಯುವ ಆಸೆ ನನಗೂ ಬಂದದ್ದುಂಟು, ಮಟ್ಟುವಿನಲ್ಲಿ. ಕಟಪಾಡಿಯಿಂದ ಪಶ್ಚಿಮಕ್ಕೆ ಹೋದರೆ ಒಂದು ಕಡೆ ಹೊಳೆ, ಒಂದು ಕಡೆ ಕಡಲು, ನಡುವೆ ತೆಂಗು ತುಂಬಿದ ನೆಲದ ಪಟ್ಟಿ. ಅಲ್ಲಿ ನಿಂತವನಿಗೆ, ಈ ನೀರನ್ನು ಆಳ ಮಾಡಿ, ಮಲ್ಪೆಯವರೆಗೂ ಸರಕಿನ ದೋಣಿ ಬಿಟ್ಟರೇನು ಎಂದು ಅನ್ನಿಸದಿರುವುದು ಕಷ್ಟ. ಪಕ್ಕದ ಉದ್ಯಾವರ ಹಿಂದೆ ಆಳುಪರ ರಾಜಧಾನಿ. 2016ರ ಕಾಯಿದೆ ಹೆಸರಿಸಿದ 111 ರಾಷ್ಟ್ರೀಯ ಜಲಮಾರ್ಗಗಳಲ್ಲಿ ಉದ್ಯಾವರ ಹೊಳೆಯೂ ಒಂದು. ಗೆರೆ ಎಳೆಯುವ ಆಸೆ ದೆಹಲಿಗೂ ಇದೆಯೆಂದಾಯಿತು!

ಮಟ್ಟು ಸಹ ಅರ್ಧ ಕಥೆಯ ಲೋಕವೇ. ಇಡೀ ಕರಾವಳಿಯನ್ನು ಪರಶುರಾಮ ಕೊಡಲಿ ಎಸೆದು ಕಡಲಿನಿಂದ ಬಿಡಿಸಿಕೊಂಡನೆಂದು ಹೇಳುತ್ತಾರೆ. ಇಲ್ಲಿಯ ಗುಳ್ಳದ ಬೀಜವನ್ನು ಸೋದೆಯ ವಾದಿರಾಜರು ಕೊಟ್ಟರೆಂಬುದು ಊರಿನ ನಂಬಿಕೆ. ತಿಳಿಹಸಿರಿನ, ಉರುಟಾದ, ತೆಳುಸಿಪ್ಪೆಯ ಆ ಬದನೆಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಗುಳ್ಳದ ಹುಳಿ ಉಂಡವರಿಗೆ ಅದರ ವಿಷಯ ನಾನು ಹೇಳಬೇಕಾಗಿಲ್ಲ. ಉಣ್ಣದವರಿಗೆ ಹೇಳಿ ಪ್ರಯೋಜನವಿಲ್ಲ. ಬೀಜ ಪವಾಡದಿಂದ ಬಂದಿರಲಿ. ಗಿಡಕ್ಕೆ ಸಿಹಿನೀರು ಬೇಕು. ಮಳೆ ನಿಂತು ಹೊಳೆಯ ಬಲ ಇಳಿದೊಡನೆ ಭರತದ ಜೊತೆ ಉಪ್ಪುನೀರು ಒಳಗೆ ಏರುತ್ತದೆ. ಗದ್ದೆಗಳಲ್ಲಿ ಗುಳ್ಳ ಬೆಳೆಯುವ ಕಾಲವೂ ಅದೇ. ಈ ಕರಾವಳಿಯ ಹೊಳೆಗಳಿಗೆ ಕಿಂಡಿ ಅಣೆಕಟ್ಟು ಕಟ್ಟಿ, ಬೇಸಿಗೆಯಲ್ಲಿ ಹಲಗೆ ಇಳಿಸುವುದು ಈ ಕಾರಣಕ್ಕೇ.

ದೋಣಿಗೆ ಬೇಕಾದುದು ಸದಾ ತೆರೆದ, ಆಳವಾದ ನೀರು. ಗದ್ದೆಗೆ ಬೇಕಾದುದು ಮುಚ್ಚಿದ ಬಾಗಿಲು. ಪರಶುರಾಮ ಬಿಡಿಸಿ ತಂದ ನೆಲಕ್ಕೆ ಕಡಲನ್ನು ನಾವೇ ದಾರಿ ತೋರಿಸಿ ಕರೆದಂತಾದೀತು. ಎರಡು ಬಾಗಿಲುಗಳ ನಡುವೆ ದೋಣಿಯನ್ನು ನಿಲ್ಲಿಸಿ, ನೀರು ಏರಿಸಿ ಇಳಿಸಿ ದಾಟಿಸುವ ಉಪಾಯ ಉಂಟೆಂದು ಬಲ್ಲವರು ಹೇಳುವರು. ಉಂಟು. ಆದರೆ ಬಾಗಿಲು ತೆರೆದಾಗಲೆಲ್ಲ ಸ್ವಲ್ಪ ಉಪ್ಪು ಒಳಗೆ ಬರುತ್ತದೆ. ಅದನ್ನು ಕಾಯುವವನಿಗೆ ಸಂಬಳ ಬೇಕು. ಆ ಸಂಬಳ ಹುಟ್ಟುವಷ್ಟು ಸರಕು ಈಗ ಈ ಹೊಳೆಯಲ್ಲಿಲ್ಲ, ಲಾರಿಯಲ್ಲಿದೆ. ಗುಳ್ಳವೂ ಲಾರಿಯಲ್ಲಿಯೇ ಹೋಗುತ್ತದೆ.

ಆದ್ದರಿಂದ ಮಟ್ಟುವಿನಲ್ಲಿ ನಾನು ಕಾಲುವೆ ತೋಡಿಸಲಾರೆ. ಕಾದಂಬರಿಕಾರನಿಗೆ ಅಡ್ಡಿಯಿಲ್ಲ. ಅವನ ರಾಜ್ಯದಲ್ಲಿ ಹಾರುವ ವಿದ್ಯೆ ಕೆಲವೇ ಮನೆತನಗಳ ಕೈಯಲ್ಲಿದ್ದು, ಉಳಿದವರು ಉಪ್ಪು, ಅಕ್ಕಿ ಹೊತ್ತು ಬದುಕುವವರಾದರೆ, ಕಾಲುವೆ ಅಲ್ಲಿ ತೀರ ಸಹಜ. ಹಾರುವ ಮನೆತನಗಳು ಅದನ್ನು ತಡೆಯಲು ಹೂಡುವ ತಂತ್ರವೇ ಒಳ್ಳೆಯ ಕಥೆಯಾದೀತು. ಆದರೆ ಉಪ್ಪುನೀರೇ ಇಲ್ಲದ ಕಡಲನ್ನು ಅವನು ಸೃಷ್ಟಿಸಿದರೆ ನಾನು ಒಪ್ಪುವವನಲ್ಲ. ಕಾಲುವೆಯ ಪಕ್ಕದ ಗದ್ದೆ ಯಾರದು, ಅಲ್ಲಿ ಏನು ಬೆಳೆಯುತ್ತಿದ್ದರು, ಬೇಸಿಗೆಯ ರಾತ್ರಿ ಭರತ ಏರುವ ಹೊತ್ತಿಗೆ ಹಲಗೆ ಇಳಿಸಲು ಎದ್ದು ಹೋಗುವವನು ಯಾರು ಎಂಬುದು ಅವನ ಪಟದ ಅಂಚಿನಲ್ಲಾದರೂ ಬರೆದಿರಬೇಕು.