ಅರಿವು ಆಚಾರವಾಗುವ ಬಗೆ: ಗ್ರೀಕ್ ತತ್ತ್ವಚಿಂತನೆಗೆ ಒಂದು ಪ್ರವೇಶ

ಒಳಿತು ಯಾವುದೆಂದು ಚೆನ್ನಾಗಿ ಬಲ್ಲವನು ಕೆಡುಕನ್ನು ಮಾಡಬಲ್ಲನೆ? ಗುಂಡ್ಲುಪೇಟೆಯಲ್ಲಿ ಅರಿಸಿನ ಕೊಳ್ಳುವ ವರ್ತಕನೊಬ್ಬನನ್ನು ಊಹಿಸಿಕೊಳ್ಳಬಹುದು. ರೈತನಿಗೆ ತೂಕದಲ್ಲಿ ಮೋಸ ಮಾಡುವುದು ಕಳ್ಳತನವೆಂದು ಅವನು ಬಲ್ಲನು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನ, ಅಂದರೆ ಕೊಡುವಾಗ ಕಡಿಮೆ ಅಳೆದು ಕೊಳ್ಳುವಾಗ ಹೆಚ್ಚು ಅಳೆಯುವುದು ಸೇರಿದೆ ಎಂಬುದನ್ನು ಬಾಲ್ಯದಲ್ಲಿಯೇ ಬಾಯಿಪಾಠ ಮಾಡಿದ್ದಾನೆ. ಆದರೂ ತೇವದ ಹೆಸರಿನಲ್ಲಿ ಮೂಟೆಗೆ ಎರಡು ಕಿಲೋ ಹೆಚ್ಚಾಗಿಯೇ ಮುರಿದುಕೊಳ್ಳುತ್ತಾನೆ. ಅವನಲ್ಲಿ ಕೊರತೆಯಾಗಿರುವುದು ತಿಳಿವಳಿಕೆಯೆ, ಅಥವಾ ಬೇರೆ ಏನಾದರೂ? ಈ ಪ್ರಶ್ನೆಯನ್ನು ಸುಮಾರು 2400 ವರ್ಷಗಳ ಹಿಂದೆ ಗ್ರೀಸ್ ದೇಶದ ಅಥೆನ್ಸ್ ನಗರದಲ್ಲಿ ಕೇಳಲಾಯಿತು. ಗುರು, ಶಿಷ್ಯ, ಪ್ರಶಿಷ್ಯರಾದ ಮೂವರು ಅದಕ್ಕೆ ಮೂರು ಬಗೆಯ ಉತ್ತರಗಳನ್ನು ಕೊಟ್ಟರು. ಗ್ರೀಕ್ ತತ್ತ್ವಚಿಂತನೆಯನ್ನು ಪರಿಚಯಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಬಾಗಿಲು ಇನ್ನೊಂದಿಲ್ಲ.

ಆ ಮೂವರಿಗಿಂತ ಮೊದಲಿನ ಗ್ರೀಕ್ ಚಿಂತಕರು ಹೆಚ್ಚಾಗಿ ಜಗತ್ತಿನ ಮೂಲವಸ್ತುವನ್ನು ಅರಸಿದವರು. ಮಿಲೇಟಸ್ ಪಟ್ಟಣದ ಥೇಲೀಸನು ನೀರೇ ಎಲ್ಲಕ್ಕೂ ಮೂಲವೆಂದನು. ಹೆರಾಕ್ಲಿಟಸನು ಎಲ್ಲವೂ ಸದಾ ಪರಿವರ್ತನಶೀಲವೆಂದನು. ಪಾರ್ಮೆನಿಡೀಸನು ಸತ್ತೆಗೆ ಬದಲಾವಣೆಯೇ ಇಲ್ಲವೆಂದನು. ಡೆಮಾಕ್ರಿಟಸನು ಅವಿಭಾಜ್ಯವಾದ ಅಣುಗಳನ್ನೂ ಶೂನ್ಯವನ್ನೂ ಒಪ್ಪಿದನು. ಪೈಥಾಗೊರಸನು ಆತ್ಮದ ಪುನರ್ಜನ್ಮವನ್ನು ಬೋಧಿಸಿದನು. ಇವರು ಲೋಕವ್ಯವಹಾರ ತಿಳಿಯದವರೆಂದು ಭಾವಿಸಬೇಕಾಗಿಲ್ಲ. ಥೇಲೀಸನ ಬಗ್ಗೆ ಅರಿಸ್ಟಾಟಲನು ಹೇಳುವ ಕಥೆಯೊಂದು ವರ್ತಕರಿಗೆ ರುಚಿಸುವಂಥದು. ಜ್ಞಾನದಿಂದ ಬಡತನ ಹೋಗದೆಂದು ಜನರು ಹಂಗಿಸಿದಾಗ ಥೇಲೀಸನು ಮುಂದಿನ ವರ್ಷ ಆಲಿವ್ ಫಸಲು ಹುಲುಸಾಗುವುದೆಂದು ಲೆಕ್ಕಹಾಕಿ, ಚಳಿಗಾಲದಲ್ಲಿಯೇ ಊರಿನ ಗಾಣಗಳನ್ನೆಲ್ಲ ಅಲ್ಪ ಮುಂಗಡಕ್ಕೆ ಗುತ್ತಿಗೆ ಹಿಡಿದನಂತೆ. ಸುಗ್ಗಿ ಬಂದಾಗ ತಾನು ಕೇಳಿದ ಬೆಲೆಗೆ ಅವನ್ನು ಬಾಡಿಗೆಗೆ ಕೊಟ್ಟು ಹಣ ಗಳಿಸಿದನು. ಜ್ಞಾನಿಯು ಮನಸ್ಸು ಮಾಡಿದರೆ ಧನಿಕನಾಗಬಲ್ಲನು, ಆದರೆ ಅವನ ಆಸಕ್ತಿ ಅದರಲ್ಲಿಲ್ಲ ಎಂಬುದು ಕಥೆಯ ತಾತ್ಪರ್ಯ.

ಚಿಂತನೆಯನ್ನು ಜಗತ್ತಿನ ಮೂಲದಿಂದ ಮನುಷ್ಯನ ನಡತೆಯ ಕಡೆಗೆ ತಿರುಗಿಸಿದವನು ಸಾಕ್ರಟೀಸ್. ಕ್ರಿ.ಪೂ. 469ರ ಸುಮಾರಿಗೆ ಹುಟ್ಟಿದ ಇವನು ಒಂದು ಗ್ರಂಥವನ್ನೂ ಬರೆಯಲಿಲ್ಲ, ಪಾಠ ಹೇಳಿ ಹಣ ಪಡೆಯಲಿಲ್ಲ. ಸಂತೆಯಲ್ಲಿ, ಬೀದಿಯಲ್ಲಿ ಸಿಕ್ಕವರನ್ನು ಧೈರ್ಯವೆಂದರೇನು, ನ್ಯಾಯವೆಂದರೇನು ಎಂದು ಕೇಳಿ, ಅವರಿಗೆ ತಿಳಿದಿದೆ ಎಂದುಕೊಂಡದ್ದು ನಿಜವಾಗಿ ತಿಳಿದಿಲ್ಲವೆಂದು ತೋರಿಸಿಕೊಡುತ್ತಿದ್ದನು. ಅವನ ಸಿದ್ಧಾಂತ ಸರಳವಾದುದು: ಸದ್ಗುಣವೆಂದರೆ ಜ್ಞಾನವೇ; ಬೇಕೆಂದೇ ಯಾರೂ ಕೆಡುಕನ್ನು ಮಾಡುವುದಿಲ್ಲ. ಕೆಡುಕು ಮಾಡುವವನು ಅದನ್ನು ತನಗೆ ಒಳಿತೆಂದು ತಪ್ಪಾಗಿ ತಿಳಿದಿರುತ್ತಾನೆ. ಪ್ಲೇಟೋ ಬರೆದ ‘ಪ್ರೊಟಾಗೊರಸ್’ ಎಂಬ ಸಂವಾದದಲ್ಲಿ ಸಾಕ್ರಟೀಸನು ಇದನ್ನು ಅಳತೆಯ ದೃಷ್ಟಾಂತದಿಂದ ವಿವರಿಸುತ್ತಾನೆ. ಹತ್ತಿರದ ವಸ್ತು ದೊಡ್ಡದಾಗಿಯೂ ದೂರದ್ದು ಚಿಕ್ಕದಾಗಿಯೂ ಕಾಣುವಂತೆ, ಇಂದಿನ ಸುಖ ದೊಡ್ಡದಾಗಿಯೂ ನಾಳಿನ ದುಃಖ ಚಿಕ್ಕದಾಗಿಯೂ ಕಾಣುತ್ತದೆ. ಆದ್ದರಿಂದ ಸುಖದುಃಖಗಳನ್ನು ಸರಿಯಾಗಿ ತೂಗುವ ವಿದ್ಯೆಯೇ ಬಾಳನ್ನು ಕಾಪಾಡತಕ್ಕದ್ದು. ಈ ದೃಷ್ಟಿಯಲ್ಲಿ ರೈತನ ಎರಡು ಕಿಲೋ ಅರಿಸಿನವನ್ನು ಕದ್ದ ವರ್ತಕನ ದೋಷ ಅಂಗಡಿಯ ತಕ್ಕಡಿಯಲ್ಲಿಲ್ಲ, ಮನಸ್ಸಿನ ತಕ್ಕಡಿಯಲ್ಲಿದೆ. ಅಲ್ಪ ಲಾಭವನ್ನು ಅವನು ಆತ್ಮಕ್ಕಾಗುವ ನಷ್ಟಕ್ಕಿಂತ ಭಾರವೆಂದು ತಪ್ಪಾಗಿ ತೂಗಿದ್ದಾನೆ.

ಸಾಕ್ರಟೀಸನ ಬಾಳು ಅವನ ಸಿದ್ಧಾಂತಕ್ಕೆ ಸಾಕ್ಷಿಯಾಯಿತು. ನಗರದ ದೇವತೆಗಳನ್ನು ಮನ್ನಿಸುವುದಿಲ್ಲ, ತರುಣರನ್ನು ಕೆಡಿಸುತ್ತಾನೆ ಎಂಬ ಆರೋಪದ ಮೇಲೆ ಕ್ರಿ.ಪೂ. 399ರಲ್ಲಿ ಅವನಿಗೆ ಮರಣದಂಡನೆ ವಿಧಿಸಲಾಯಿತು. ಸೆರೆಮನೆಯಿಂದ ಪಾರಾಗುವ ಏರ್ಪಾಟನ್ನು ಗೆಳೆಯ ಕ್ರೀಟೋ ಮಾಡಿದ್ದರೂ, ಅನ್ಯಾಯಕ್ಕೆ ಪ್ರತಿಯಾಗಿ ಅನ್ಯಾಯ ಮಾಡಲಾಗದೆಂದು ಹೇಳಿ ವಿಷವನ್ನು ಶಾಂತವಾಗಿ ಕುಡಿದನು. ಎ. ಎನ್. ಮೂರ್ತಿರಾಯರ ‘ಸಾಕ್ರಟೀಸನ ಕೊನೆಯ ದಿನಗಳು’ ಕೃತಿಯ ಮೂಲಕ ಕನ್ನಡ ಓದುಗರಿಗೂ ಈ ವೃತ್ತಾಂತ ಪರಿಚಿತವಾಗಿದೆ. ಅವನಲ್ಲಿ ಅರಿವಿಗೂ ಆಚಾರಕ್ಕೂ ಅಂತರವಿರಲಿಲ್ಲ. ಎಲ್ಲರಲ್ಲಿಯೂ ಹಾಗೆಯೇ ಇರಬೇಕೆಂದು ಅವನು ತಿಳಿದುದರಲ್ಲಿ ಆಶ್ಚರ್ಯವಿಲ್ಲ.

ಶಿಷ್ಯನಾದ ಪ್ಲೇಟೋ (ಕ್ರಿ.ಪೂ. 427–347) ಈ ಉತ್ತರವನ್ನು ಬೆಳೆಸಿದನು. ಇಂದ್ರಿಯಗಳಿಗೆ ಗೋಚರಿಸುವ ವಸ್ತುಗಳು ನೆರಳುಗಳಂತೆ. ಅವುಗಳ ಹಿಂದೆ ಶಾಶ್ವತ ಸ್ವರೂಪಗಳಿವೆ, ಎಲ್ಲಕ್ಕೂ ಮೇಲಿರುವುದು ಒಳಿತಿನ ಸ್ವರೂಪ ಎಂಬುದು ಅವನ ಪ್ರಸಿದ್ಧ ತತ್ತ್ವ. ಪ್ರಸ್ತುತ ಪ್ರಶ್ನೆಗೆ ಹೆಚ್ಚು ಸಂಬಂಧಪಟ್ಟದ್ದು ಆತ್ಮದ ಬಗ್ಗೆ ‘ರಿಪಬ್ಲಿಕ್’ ಗ್ರಂಥದಲ್ಲಿ ಅವನು ಹೇಳಿರುವ ಮಾತು. ಆತ್ಮದಲ್ಲಿ ವಿವೇಕ, ಅಭಿಮಾನ, ಆಸೆ ಎಂಬ ಮೂರು ಭಾಗಗಳಿವೆ. ವಿವೇಕ ಕಂಡದ್ದನ್ನು ಆಸೆ ಒಪ್ಪದಿರಬಹುದು. ಮೂರೂ ತಮ್ಮ ತಮ್ಮ ಕೆಲಸವನ್ನು ಮಾಡುತ್ತ ವಿವೇಕದ ಆಳ್ವಿಕೆಯಲ್ಲಿರುವುದೇ ನ್ಯಾಯ. ಅದೇ ಗ್ರಂಥದಲ್ಲಿ ಗೈಜಿಸನ ಉಂಗುರದ ಕಥೆ ಬರುತ್ತದೆ. ತೊಟ್ಟವನನ್ನು ಅದೃಶ್ಯನನ್ನಾಗಿಸುವ ಉಂಗುರ ದೊರೆತರೆ ನ್ಯಾಯವಂತನು ನ್ಯಾಯವಂತನಾಗಿಯೇ ಉಳಿಯುವನೆ ಎಂದು ಅಲ್ಲಿ ಕೇಳಲಾಗಿದೆ. ತೂಕವನ್ನು ತಾನೊಬ್ಬನೇ ನೋಡುವ ವರ್ತಕನ ಬೆರಳಲ್ಲಿ ಆ ಉಂಗುರ ದಿನವೂ ಇರುತ್ತದೆ.

ಪ್ಲೇಟೋವಿನ ಬಳಿ ಇಪ್ಪತ್ತು ವರ್ಷ ಕಲಿತ ಅರಿಸ್ಟಾಟಲ್ (ಕ್ರಿ.ಪೂ. 384–322) ಹೆಚ್ಚು ವ್ಯಾವಹಾರಿಕನು. ತಿಳಿದೂ ತಪ್ಪುವವರು ಕಣ್ಣೆದುರಿಗೇ ಇದ್ದಾರೆ, ಸಾಕ್ರಟೀಸನ ಮಾತು ಈ ಅನುಭವಕ್ಕೆ ಹೊಂದುವುದಿಲ್ಲ ಎಂಬುದನ್ನು ಅವನು ಗುರುತಿಸಿದನು. ಅಂಥವರ ಜ್ಞಾನವು ಕುಡಿದವನು ಪಠಿಸುವ ಪದ್ಯದಂತೆ: ಬಾಯಲ್ಲಿದೆ, ಒಳಗೆ ಎಚ್ಚರವಾಗಿಲ್ಲ. ಸದ್ಗುಣವು ಬರಿಯ ತಿಳಿವಳಿಕೆಯಲ್ಲ, ಅಭ್ಯಾಸದಿಂದ ಬರುವ ಸ್ಥಿರವಾದ ಸ್ವಭಾವ. ಮನೆ ಕಟ್ಟುತ್ತ ಕಟ್ಟುತ್ತ ಮನುಷ್ಯನು ಮನೆ ಕಟ್ಟುವುದನ್ನು ಕಲಿಯುವಂತೆ, ನ್ಯಾಯದ ಕೆಲಸಗಳನ್ನು ಮಾಡುತ್ತ ನ್ಯಾಯವಂತನಾಗುತ್ತಾನೆ. ತತ್ತ್ವವನ್ನು ಚರ್ಚಿಸಿದ ಮಾತ್ರಕ್ಕೆ ಒಳ್ಳೆಯವರಾಗುವೆವೆಂದು ನಂಬುವವರನ್ನು ಅವನು, ವೈದ್ಯನ ಮಾತನ್ನು ಗಮನವಿಟ್ಟು ಕೇಳಿ ಹೇಳಿದುದೊಂದನ್ನೂ ಮಾಡದ ರೋಗಿಗಳಿಗೆ ಹೋಲಿಸಿದ್ದಾನೆ.

ಅರಿಸ್ಟಾಟಲನ ಶಿಷ್ಯ ಅಲೆಕ್ಸಾಂಡರನು ಕ್ರಿ.ಪೂ. 326ರಲ್ಲಿ ತಕ್ಷಶಿಲೆಗೆ ಬಂದಾಗ ಅವನ ಪರಿವಾರದ ಒನೆಸಿಕ್ರಿಟಸನು ಅಲ್ಲಿಯ ದಿಗಂಬರ ತಪಸ್ವಿಗಳನ್ನು ಕಂಡು ಮಾತನಾಡಿದ ವಿವರವನ್ನು ಭೂಗೋಳಜ್ಞ ಸ್ಟ್ರಾಬೋ ಉಳಿಸಿದ್ದಾನೆ. ಸಾಕ್ರಟೀಸ್, ಪೈಥಾಗೊರಸರ ಉಪದೇಶವನ್ನು ಕೇಳಿದ ಹಿರಿಯ ತಪಸ್ವಿಯು, ಗ್ರೀಕರು ಉಳಿದ ವಿಷಯಗಳಲ್ಲಿ ವಿವೇಕಿಗಳೆಂದು ಒಪ್ಪಿ, ಪ್ರಕೃತಿಗಿಂತ ರೂಢಿಯನ್ನು ಹೆಚ್ಚೆಂದು ಬಗೆಯುವುದೊಂದೇ ಅವರ ತಪ್ಪೆಂದನಂತೆ. ಮಾತಿನ ಹಿರಿಮೆಯನ್ನು ಒಪ್ಪಿದ ಮೇಲೂ ಬದುಕಿನ ರೀತಿಯನ್ನು ಪರೀಕ್ಷಿಸುವ ಈ ಪರಿ ಭಾರತದ ಶ್ರಮಣ ಪರಂಪರೆಗೆ ಸಹಜವಾದುದು.

ಆ ಪರಂಪರೆಯ ಸ್ಪಷ್ಟವಾದ ಉತ್ತರವೊಂದು ಚಾಮರಾಜನಗರದ ಸೀಮೆಯೊಂದಿಗೇ ಸಂಬಂಧ ಪಡೆದಿದೆ. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿಯು ಪೂಜ್ಯಪಾದಾಚಾರ್ಯರ ತಪೋಭೂಮಿಯೆಂದು ಶ್ರಾವಕರು ತಲೆಮಾರುಗಳಿಂದ ನಂಬಿ ಬಂದಿದ್ದಾರೆ. ಅವರು ‘ತತ್ತ್ವಾರ್ಥಸೂತ್ರ’ಕ್ಕೆ ಬರೆದ ‘ಸರ್ವಾರ್ಥಸಿದ್ಧಿ’ ವ್ಯಾಖ್ಯಾನದ ಆರಂಭದಲ್ಲಿಯೇ ರೋಗಿಯ ದೃಷ್ಟಾಂತವಿದೆ. ಔಷಧದಲ್ಲಿ ಬರಿಯ ನಂಬಿಕೆಯಾಗಲಿ, ಅದರ ಬರಿಯ ತಿಳಿವಾಗಲಿ, ಅವೆರಡೂ ಇಲ್ಲದ ಬರಿಯ ಸೇವನೆಯಾಗಲಿ ರೋಗವನ್ನು ಕಳೆಯಲಾರವು. ಹಾಗೆಯೇ ದರ್ಶನ, ಜ್ಞಾನ, ಚಾರಿತ್ರಗಳು ಕೂಡಿದಾಗಲೇ ಮಾರ್ಗವಾಗುತ್ತದೆ. ಅರಿಸ್ಟಾಟಲನಿಗೂ ಪೂಜ್ಯಪಾದರಿಗೂ ನಡುವೆ ಸುಮಾರು 800 ವರ್ಷಗಳ ಅಂತರವಿದೆ. ಒಬ್ಬರಿಂದ ಇನ್ನೊಬ್ಬರು ಪಡೆದರೆಂದು ಹೇಳಲು ಕಾರಣವಿಲ್ಲ. ಒಂದೇ ರೋಗವನ್ನು ಕಂಡವರಿಗೆ ಒಂದೇ ಹೋಲಿಕೆ ಹೊಳೆದಿದೆ.

ಜೈನಶಾಸ್ತ್ರವು ತಿಳಿದೂ ಆಚರಿಸಲಾರದ ಸ್ಥಿತಿಗೆ ಹೆಸರನ್ನೇ ಕೊಟ್ಟಿದೆ. ನಾಲ್ಕನೆಯ ಗುಣಸ್ಥಾನದಲ್ಲಿರುವವನು ಅವಿರತ ಸಮ್ಯಗ್ದೃಷ್ಟಿ. ಅವನಿಗೆ ಸರಿಯಾದ ದೃಷ್ಟಿಯಿದೆ, ವ್ರತವಿಲ್ಲ. ದೃಷ್ಟಿಯನ್ನು ಮಸುಕುಗೊಳಿಸುವ ದರ್ಶನಮೋಹನೀಯವೂ ನಡತೆಯನ್ನು ತಡೆಯುವ ಚಾರಿತ್ರಮೋಹನೀಯವೂ ಬೇರೆ ಬೇರೆ. ಮೊದಲನೆಯದು ಶಾಂತವಾದರೂ ಎರಡನೆಯದು ಉಳಿಯಬಹುದು. ಸಾಕ್ರಟೀಸನು ಒಂದೇ ಎಂದು ಕಂಡುದನ್ನು ಕರ್ಮಸಿದ್ಧಾಂತವು ಹೀಗೆ ಎರಡಾಗಿ ಬಿಡಿಸಿ ತೋರಿಸುತ್ತದೆ. ಇದು ದುರ್ಬಲನಿಗೆ ನೆಪವಾಗಬಾರದು. ಅರಿಸ್ಟಾಟಲನೂ ಸಂಯಮವಿಲ್ಲದವನಿಗೂ ದುಷ್ಟನಿಗೂ ಭೇದವನ್ನು ಹೇಳಿದ್ದಾನೆ: ಮೊದಲನೆಯವನು ಪಶ್ಚಾತ್ತಾಪ ಪಡುತ್ತಾನೆ, ಆದ್ದರಿಂದ ಗುಣವಾಗಬಲ್ಲನು, ಎರಡನೆಯವನಿಗೆ ಪಶ್ಚಾತ್ತಾಪವೇ ಇಲ್ಲ.

ಈ ಹೋಲಿಕೆಗಳಿಂದ ಎರಡೂ ಒಂದೇ ಎಂದು ಭ್ರಮಿಸಬಾರದು. ಅರಿಸ್ಟಾಟಲನ ಗುರಿ ನಗರದಲ್ಲಿ ಬಾಳುವ ಮನುಷ್ಯನ ಸಾರ್ಥಕ ಜೀವನ. ಪೂಜ್ಯಪಾದರ ಗುರಿ ಕರ್ಮಕ್ಷಯ, ಮೋಕ್ಷ. ಸ್ವಭಾವದಿಂದಲೇ ಗುಲಾಮರಾದವರಿದ್ದಾರೆಂದು ಅರಿಸ್ಟಾಟಲನು ಸಮರ್ಥಿಸಿದನು. ಏಕೇಂದ್ರಿಯ ಜೀವಿಯವರೆಗೂ ಕರುಣೆಯನ್ನು ವಿಸ್ತರಿಸಿದ ಧರ್ಮಕ್ಕೆ ಅದು ಒಪ್ಪತಕ್ಕದ್ದಲ್ಲ. ಆದರೆ ಪ್ರಶ್ನಿಸದ ಬಾಳನ್ನು ಬಾಳಲೊಪ್ಪದ ಸಾಕ್ರಟೀಸನ ನಿಷ್ಠೆಯೂ, ಅಭ್ಯಾಸದ ಬಗ್ಗೆ ಅರಿಸ್ಟಾಟಲನ ಎಚ್ಚರವೂ ಯಾವ ಧರ್ಮದವರಿಗಾದರೂ ಗ್ರಾಹ್ಯವೇ.

ಧರ್ಮಪಾಠಶಾಲೆಗಳಲ್ಲಿ ಮಕ್ಕಳು ವ್ರತಗಳ ಹೆಸರುಗಳನ್ನೂ ಅತಿಚಾರಗಳ ಪಟ್ಟಿಯನ್ನೂ ತಪ್ಪಿಲ್ಲದೆ ಒಪ್ಪಿಸುತ್ತಾರೆ. ಅದು ಬೇಕು, ಆದರೆ ಸಾಲದು. ಆ ಮಗು ಮನೆಗೆ ಬಂದು ಅಂಗಡಿಯ ಗಲ್ಲೆಯ ಬಳಿ ಕುಳಿತಾಗ ಹಿರಿಯರು ತಕ್ಕಡಿಯನ್ನು ಹೇಗೆ ಹಿಡಿಯುತ್ತಾರೆಂಬುದನ್ನೂ ಓದುತ್ತದೆ. ಪಾಠಶಾಲೆಯ ಪಾಠ ಒಂದು, ಗಲ್ಲೆಯ ಪಾಠ ಇನ್ನೊಂದು ಆದರೆ ಮಗುವಿನ ಸ್ವಭಾವವಾಗಿ ನೆಲೆಸುವುದು ಎರಡನೆಯದೇ. ಸಮಾಜದ ಹಿರಿಯರು ಮಕ್ಕಳಿಗೆ ಏನನ್ನು ಬಾಯಿಪಾಠ ಮಾಡಿಸಬೇಕೆಂದು ಯೋಚಿಸುವಷ್ಟೇ ಶ್ರದ್ಧೆಯಿಂದ ಅವರ ಕಣ್ಣಿಗೆ ಏನನ್ನು ಕಾಣಿಸುತ್ತಿದ್ದೇವೆಂದೂ ಯೋಚಿಸಿದರೆ, ಅರಿವು ಆಚಾರವಾಗುವ ದಾರಿ ತೆರೆಯುತ್ತದೆ.