ಎರವಲು ಮಾತು

ಚಲಚ್ಚಿತ್ರಗಳನ್ನು ನೋಡಿ ಇಂಗ್ಲಿಷ್ ಕಲಿಯಬಹುದೆ ಎಂದು ವಿದ್ಯಾರ್ಥಿಗಳು ಆಗಾಗ ಕೇಳುತ್ತಾರೆ. ಕನ್ನಡ ಅಧ್ಯಾಪಕನನ್ನು ಕೇಳಬೇಕಾದ ಪ್ರಶ್ನೆ ಇದಲ್ಲ. ಇಂಗ್ಲಿಷ್ ಅಧ್ಯಾಪಕರ ಮುಂದೆ ಬಾಯಿ ಬಿಡಲು ಸಂಕೋಚವಾಗಿ ನಮ್ಮ ಬಳಿ ಬರುತ್ತಾರೋ ಏನೋ. ಉತ್ತರವೇನೂ ಕಷ್ಟದ್ದಲ್ಲ. ಕಲಿಯಬಹುದು, ಎಷ್ಟೋ ಮಂದಿ ಕಲಿತಿದ್ದಾರೆ. ಆದರೆ ಈ ಪ್ರಶ್ನೆಯ ಬೆನ್ನಿಗೇ ಇನ್ನೊಂದು ಪ್ರಶ್ನೆ ನಿಂತಿದೆ. ಹಾಗೆ ಕಲಿತ ಮಾತು ಕಲಿತವನ ಸ್ವಂತದ್ದಾಗುತ್ತದೆಯೆ? ಇನ್ನೊಬ್ಬರ ಧಾಟಿಯನ್ನೂ ಹಾವಭಾವವನ್ನೂ ಎರವಲು ತಂದು ಆಡುವ ಮಾತಿನಲ್ಲಿ ಸತ್ಯಕ್ಕೆ ಎಷ್ಟು ಎಡೆಯುಂಟು? ಮೊದಲನೆಯದು ಪಾಠಕ್ರಮಕ್ಕೆ ಸೇರಿದ ಪ್ರಶ್ನೆ. ಎರಡನೆಯದು ನೀತಿಗೆ ಸೇರಿದ್ದು.

ಈ ವಿದ್ಯೆ ಹೊಸದಲ್ಲ. ವಾಕ್ಚಿತ್ರ ಹುಟ್ಟಿದಂದಿನಿಂದ ಇದೆ. ಬೆಂಗಳೂರಿನ ದಂಡುಪ್ರದೇಶದ ಪ್ಲಾಜಾ, ರೆಕ್ಸ್ ಚಿತ್ರಮಂದಿರಗಳಿಗೆ ಹೋದ ಪೇಟೆಯ ಹುಡುಗರು, ಮಾತು ತಿಳಿಯದಿದ್ದರೂ ಪಕ್ಕದವರು ನಕ್ಕಾಗ ತಾವೂ ನಕ್ಕು, ಹೊರಗೆ ಬಂದ ಮೇಲೆ ನಾಯಕನಂತೆ ಭುಜ ಕುಣಿಸಿದ್ದುಂಟು. ಆ ಎರಡು ಚಿತ್ರಮಂದಿರಗಳೂ ಈಗ ಇಲ್ಲ. ಅನಂತರ, ಆಡಿದ ಮಾತು ಚಿತ್ರದ ಕೆಳಗೆ ಅಕ್ಷರವಾಗಿ ಮೂಡುವ ಡಿ.ವಿ.ಡಿ. ಬಂತು, ಈಗ ಎಲ್ಲವೂ ಅಂಗೈಯಗಲದ ಫೋನಿನೊಳಗೆ ಅಡಗಿದೆ. ಸಾಧನ ಬದಲಾದರೂ ವಿಧಾನ ಒಂದೇ: ಕೇಳುವುದು, ನಿಲ್ಲಿಸುವುದು, ಮತ್ತೆ ಕೇಳುವುದು, ಅದೇ ರಾಗದಲ್ಲಿ ಹೇಳಿನೋಡುವುದು.

ಪುಸ್ತಕಕ್ಕಿಲ್ಲದ ಒಂದು ಅನುಕೂಲ ಚಿತ್ರಕ್ಕಿದೆ. ನಿಘಂಟು ಮಾತಿಗೆ ಅರ್ಥವನ್ನು ಮಾತ್ರ ಕೊಡುತ್ತದೆ. ಚಿತ್ರ ಮುಖವನ್ನೂ ಸಂದರ್ಭವನ್ನೂ ಕೊಡುತ್ತದೆ. 1936ರ ‘ಮಾಡರ್ನ್ ಟೈಮ್ಸ್’ ಚಿತ್ರದಲ್ಲಿ ಚಾಪ್ಲಿನ್ ಮೊದಲ ಬಾರಿಗೆ ತೆರೆಯ ಮೇಲೆ ತನ್ನ ಕಂಠವನ್ನು ಕೇಳಿಸಿದ. ಅವನು ಹಾಡಿದ ಹಾಡು ಯಾವ ಭಾಷೆಗೂ ಸೇರದ, ಅರ್ಥವಿಲ್ಲದ ಶಬ್ದಗಳ ಸರಮಾಲೆ. ಆದರೂ ಕಣ್ಣು, ಕೈ, ಮೀಸೆಗಳ ಆಟದಿಂದಲೇ ಅದರ ಕಥೆ ಎಲ್ಲ ದೇಶದವರಿಗೂ ತಿಳಿಯಿತು. ಕಥೆ ಮೊದಲು ತಿಳಿದರೆ ಭಾಷೆ ಹಿಂದಿನಿಂದ ಬರುತ್ತದೆ.

ಭಾಷೆ ಹೀಗೆ ಕಿವಿಯಿಂದ ಒಳಹೊಗುವುದನ್ನು ಅರಸೊತ್ತಿಗೆಗಳೂ ಬಲ್ಲವು. ಸ್ಪೇನಿನಲ್ಲಿ ಫ್ರಾಂಕೋನ ಸರ್ಕಾರ 1941ರಲ್ಲಿ ಹೊರದೇಶದ ಚಿತ್ರಗಳೆಲ್ಲ ಸ್ಪ್ಯಾನಿಷ್ ಭಾಷೆಯಲ್ಲೇ ಮಾತನಾಡಬೇಕೆಂದು ಕಟ್ಟಳೆ ಮಾಡಿತು. ನೆದರ್ಲೆಂಡ್ಸ್, ಸ್ವೀಡನ್ ದೇಶಗಳು ಚಿತ್ರದ ಮಾತನ್ನು ಹಾಗೆಯೇ ಬಿಟ್ಟು ಕೆಳಗೆ ತಮ್ಮ ನುಡಿಯ ಬರಹವನ್ನು ಕೊಟ್ಟವು. ಅಲ್ಲಿನ ಜನಸಾಮಾನ್ಯರ ಇಂಗ್ಲಿಷಿಗೆ ಇದೂ ಒಂದು ಕಾರಣವೆಂದು ಬಲ್ಲವರು ಹೇಳುತ್ತಾರೆ. ನಮ್ಮಲ್ಲಿಯೂ ಪರಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡಬಾರದೆಂಬ ಕಟ್ಟುಪಾಡು 1960ರ ದಶಕದಿಂದ ಬಹುಕಾಲ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅಂಥ ನಿರ್ಬಂಧ ಸಲ್ಲದೆಂದಿತು. ಅದರ ಗುಣದೋಷಗಳ ಚರ್ಚೆ ಇಲ್ಲಿ ಬೇಡ. ಒಂದು ಫಲವಂತೂ ಕಣ್ಣೆದುರಿಗಿದೆ: ನಮ್ಮವರು ತಮಿಳು, ತೆಲುಗು, ಹಿಂದಿಗಳನ್ನು ಮೇಷ್ಟರಿಲ್ಲದೆ ಕಲಿತರು.

ಆದರೆ ಎಂಥ ಹಿಂದಿ? ಚಿತ್ರದಿಂದ ಹಿಂದಿ ಕಲಿತ ನಮ್ಮವನಿಗೆ ದಿಲ್ ಗೊತ್ತು, ದುಶ್ಮನ್ ಗೊತ್ತು, ಇಂತೆಜಾರ್ ಗೊತ್ತು. ಪ್ರಾಣ ಕೊಡುವೆನೆಂದು ಆಣೆಯಿಡಲೂ ಬರುತ್ತದೆ. ದೆಹಲಿಯ ತರಕಾರಿ ಅಂಗಡಿಯ ಮುಂದೆ ನಿಂತಾಗ ಮಾತ್ರ ಕೊತ್ತಂಬರಿ ಸೊಪ್ಪಿಗೆ ಏನೆನ್ನಬೇಕೆಂದು ತಿಳಿಯದೆ ಬೆರಳು ತೋರಿಸುತ್ತಾನೆ. ಪ್ರೇಮವನ್ನೂ ಪ್ರತೀಕಾರವನ್ನೂ ಹೇಳಬಲ್ಲ ನಾಲಗೆಗೆ ಎರಡು ಕಟ್ಟು ಸೊಪ್ಪು ಕೇಳಲು ಬಾರದು! ಇದು ನಗುವ ವಿಷಯವೇ ಹೌದು; ಆದರೆ ನಕ್ಕು ಮರೆಯುವಂಥದಲ್ಲ. ಅವನ ಬಳಿ ಇರುವುದೆಲ್ಲ ಇನ್ನೊಬ್ಬರ ಬದುಕಿನ ಮಾತು. ತನ್ನ ದಿನದ ಬದುಕಿಗೆ ಅದರಲ್ಲಿ ಪದವಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಹೀಗೆ ಕಲಿಯುವುದು ಗಿಳಿಪಾಠ, ವೇಷ, ಅನುಕರಣ. ಆದ್ದರಿಂದ ಸುಳ್ಳು ಎಂದು ಗಂಭೀರ ಜನ ಹೇಳುತ್ತಾರೆ. ಇದನ್ನು ಒಪ್ಪುವುದು ಸಾಧ್ಯವಿಲ್ಲ. ತೊಟ್ಟಿಲ ಕೂಸು ಅಮ್ಮ ಎಂದದ್ದೂ ಅನುಕರಣದಿಂದಲೇ. ನಾವಾಡುವ ಒಂದು ಪದವನ್ನಾದರೂ ನಾವೇ ಹುಟ್ಟಿಸಿದವರಲ್ಲ. ಎಲ್ಲವೂ ಹಿಂದಿನವರಿಂದ ತಂದ ಸಾಲ. ಯಾರನ್ನು ನೋಡಿ ನಾವು ಕಲಿಯುತ್ತೇವೆಯೋ ಅವರ ಸ್ಥಿತಿಯೂ ಬೇರೆಯಲ್ಲ. ಹಾಲಿವುಡ್ಡಿನ ಸಭ್ಯತೆಗೆ ಮಾದರಿಯಾಗಿದ್ದ ಕೇರಿ ಗ್ರಾಂಟ್ 1904ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಬಡಕುಟುಂಬದಲ್ಲಿ ಆರ್ಚಿಬಾಲ್ಡ್ ಲೀಚ್ ಎಂಬ ಹೆಸರಿನಿಂದ ಹುಟ್ಟಿದವನು. ಪೂರ್ತಿ ಇಂಗ್ಲೆಂಡಿನದೂ ಅಲ್ಲದ, ಪೂರ್ತಿ ಅಮೆರಿಕದ್ದೂ ಅಲ್ಲದ ಆ ಉಚ್ಚಾರಣೆ ಅವನೇ ರೂಢಿಸಿಕೊಂಡದ್ದು. ಅವನನ್ನು ಅನುಕರಿಸುವವನು ಒಂದು ಅನುಕರಣವನ್ನೇ ಅನುಕರಿಸುತ್ತಾನೆ. ಎರವಲು ತಂದದ್ದೇ ಅಪರಾಧವಾದರೆ ಮೂಗರ ಹೊರತು ನಿರಪರಾಧಿಗಳಿಲ್ಲ.

ಹಾಗಾದರೆ ತೊಟ್ಟಿಲ ಕೂಸಿಗೂ ತೆರೆಯ ಮುಂದೆ ಕುಳಿತವನಿಗೂ ಭೇದವೇ ಇಲ್ಲವೆ? ಇದೆ. ಕೂಸು ಅಮ್ಮ ಎಂದಾಗ ತಾಯಿ ತಿರುಗಿ ನೋಡುತ್ತಾಳೆ. ತೆರೆ ತಿರುಗಿ ನೋಡುವುದಿಲ್ಲ. ಅಮೆರಿಕದಲ್ಲಿ ಪ್ಯಾಟ್ರಿಷಿಯಾ ಕೂಲ್ ಎಂಬ ವಿದ್ವಾಂಸೆಯೂ ಸಂಗಡಿಗರೂ 2003ರಲ್ಲಿ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಶಿಶುಗಳೊಡನೆ ಚೀನೀ ಭಾಷೆಯವರು 12 ಬಾರಿ ಕುಳಿತು ಪುಸ್ತಕ ಓದಿ ಆಟವಾಡಿದರು. ಆ ಶಿಶುಗಳು ಚೀನೀ ಧ್ವನಿಗಳ ಸೂಕ್ಷ್ಮ ಭೇದವನ್ನು ಹಿಡಿದವು. ಅದೇ ಜನರ ಅದೇ ಮಾತನ್ನು ದೂರದರ್ಶನದ ಪೆಟ್ಟಿಗೆಯಿಂದ ಕೇಳಿದ ಶಿಶುಗಳು ಹಿಡಿಯಲಿಲ್ಲ. ದೊಡ್ಡವರು ತೆರೆಯಿಂದ ಕಲಿಯಬಲ್ಲರು, ನಿಜ. ಆದರೂ ಶಿಶುವಿನ ಆ ಹಟದಲ್ಲಿ ಒಂದು ವಿವೇಕವಿದೆ: ತನ್ನನ್ನು ಕಾಣದವರ ಮಾತು ಅದಕ್ಕೆ ಬೇಡ.

ಈ ಸಂಗತಿಯನ್ನು ಬರ್ನಾರ್ಡ್ ಷಾ ತನ್ನ ‘ಪಿಗ್ಮೇಲಿಯನ್’ ನಾಟಕದಲ್ಲಿ ಮೊದಲೇ ಕಂಡಿದ್ದ. 1913ರಲ್ಲಿ ರಂಗಕ್ಕೆ ಬಂದ ಈ ನಾಟಕದಲ್ಲಿ ಧ್ವನಿಶಾಸ್ತ್ರದ ಪಂಡಿತ ಹಿಗಿನ್ಸ್ ಹೂ ಮಾರುವ ಎಲೈಜಾಳಿಗೆ ಸಿರಿವಂತರ ಉಚ್ಚಾರಣೆಯನ್ನು ಕಲಿಸುತ್ತಾನೆ. ಅವನ ಕೊಠಡಿಯಲ್ಲಿ ಗ್ರಾಮಫೋನ್ ಜಾತಿಯ ಯಂತ್ರವೂ ಇದೆ. ನಡುವೆ ಅವಳು ಒಂದು ದೊಡ್ಡಮನೆಯ ಚಹಾಕೂಟಕ್ಕೆ ಹೋಗಿ, ಒಂದಕ್ಷರವೂ ತಪ್ಪದ ಉಚ್ಚಾರಣೆಯಲ್ಲಿ, ತನ್ನ ಚಿಕ್ಕಮ್ಮನನ್ನು ಮನೆಯವರೇ ಮುಗಿಸಿರಬೇಕೆಂಬ ಕಥೆಯನ್ನು ಹೇಳುತ್ತಾಳೆ. ಧ್ವನಿ ಅವರದು, ಬದುಕು ತನ್ನದು! ಕೊನೆಗೆ ಅವಳು ಕೃತಜ್ಞತೆ ಹೇಳುವುದು ಪಂಡಿತನಿಗಲ್ಲ, ಅವನ ಗೆಳೆಯ ಪಿಕರಿಂಗನಿಗೆ. ಮೊದಲ ದಿನವೇ ಅವನು ತನ್ನನ್ನು ಗೌರವದಿಂದ ಮಿಸ್ ಡೂಲಿಟ್ಲ್ ಎಂದು ಕರೆದದ್ದರಿಂದಲೇ ತನ್ನ ನಿಜವಾದ ವಿದ್ಯಾಭ್ಯಾಸ ಆರಂಭವಾಯಿತೆನ್ನುತ್ತಾಳೆ. ಯಂತ್ರ ಸ್ವರವನ್ನು ತಿದ್ದಿತು. ಮನುಷ್ಯನ ಕರೆ ಅವಳನ್ನು ಮಾತಿನ ಒಡತಿಯನ್ನಾಗಿ ಮಾಡಿತು. ಮುಂದೆ 1964ರಲ್ಲಿ ಇದೇ ಕಥೆ ‘ಮೈ ಫೇರ್ ಲೇಡಿ’ ಎಂಬ ಚಿತ್ರವಾದಾಗ ನಾಯಕಿ ಆಡ್ರೆ ಹೆಪ್ಬರ್ನಳ ಹಾಡುಗಳಲ್ಲಿ ಹೆಚ್ಚಿನವನ್ನು ತೆರೆಯ ಹಿಂದೆ ಹಾಡಿದವಳು ಮಾರ್ನಿ ನಿಕ್ಸನ್. ನಾಲಗೆ ಪಡೆದವಳ ಕಥೆಗೂ ಕಂಠವನ್ನು ಎರವಲು ತರಬೇಕಾಯಿತು.

ನಮ್ಮ ಭಾಷೆ ಈ ವಿಚಾರದಲ್ಲಿ ಒಂದು ಬೆಳಕನ್ನು ಕೊಡುತ್ತದೆ. ಕನ್ನಡದಲ್ಲಿ ಆಡುವುದೂ ಮಾತು, ಕೊಡುವುದೂ ಮಾತು. ಮಾತು ಕೊಡುತ್ತೇವೆ, ಮಾತಿಗೆ ನಿಲ್ಲುತ್ತೇವೆ, ಮಾತಿಗೆ ತಪ್ಪುತ್ತೇವೆ, ಮಾತು ಉಳಿಸಿಕೊಳ್ಳುತ್ತೇವೆ. ಹುಲಿಗೆ ಕೊಟ್ಟ ಮಾತಿಗಾಗಿ ಹಿಂದಿರುಗಿದ ಹಸುವಿನ ಕಥೆಯನ್ನು ಕೇಳದ ಕನ್ನಡದ ಮಗು ಉಂಟೆ? ಮಾತೆಂದರೆ ಇನ್ನೊಬ್ಬನು ನಮ್ಮನ್ನು ಹಿಡಿದು ಕೇಳಬಹುದಾದ ಹೊಣೆ. ತೆರೆ ನಮಗೆ ಸಾವಿರ ಮಾತನ್ನು ಕೊಡಬಲ್ಲದು. ನಾವು ತೆರೆಗೆ ಒಂದು ಮಾತನ್ನೂ ಕೊಡಲಾರೆವು. ಅದು ನಮ್ಮನ್ನು ಹಿಡಿದು ಕೇಳುವುದಿಲ್ಲ.

ಹೊಣೆಯಿಲ್ಲದೆ ಬಂದ ಮಾತು ಹಗುರ. ತಪ್ಪು ಮಾಡಿದವನು ತಂದೆಯ ಎದುರು ‘ತಪ್ಪಾಯಿತು’ ಎನ್ನಬೇಕಾದರೆ ಗಂಟಲು ಕಟ್ಟುತ್ತದೆ. ‘ಸಾರಿ’ ಎನ್ನುವುದಕ್ಕೆ ಏನೂ ಆಗುವುದಿಲ್ಲ. ಆಲ್ಬರ್ಟ್ ಕೋಸ್ಟ ಮೊದಲಾದ ಮನಶ್ಶಾಸ್ತ್ರಜ್ಞರು 2014ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದು ಇದಕ್ಕೆ ಪುಷ್ಟಿ ಕೊಡುತ್ತದೆ. ಹಳಿಯ ಮೇಲಿನ ಐವರನ್ನು ಉಳಿಸಲು ಸೇತುವೆಯ ಮೇಲಿನ ಒಬ್ಬನನ್ನು ಕೆಳಗೆ ನೂಕುವೆಯಾ ಎಂದು ಜನರನ್ನು ಕೇಳಿದರು. ತಾಯ್ನುಡಿಯಲ್ಲಿ ಕೇಳಿದಾಗ ನೂಕುವೆನೆಂದವರಿಗಿಂತ, ಕಲಿತ ನುಡಿಯಲ್ಲಿ ಕೇಳಿದಾಗ ನೂಕುವೆನೆಂದವರು ಹೆಚ್ಚು ಮಂದಿ ಕಂಡರು. ಪರಭಾಷೆಯಲ್ಲಿ ಮನುಷ್ಯ ಕ್ರೂರನಾಗುತ್ತಾನೆಂದು ಇದರ ಅರ್ಥವಲ್ಲ. ತಣ್ಣಗೆ ಯೋಚಿಸುತ್ತಾನೆಂದೂ ಹೇಳಬಹುದು. ಆದರೆ ಆ ತಣ್ಣಗಿನ ದೂರದಲ್ಲಿ ಲಾಭವಿರುವಂತೆ ಅಪಾಯವೂ ಇದೆ.

ಆ ಅಪಾಯವನ್ನು ಬೆಂಗಳೂರು ಕಣ್ಣಾರೆ ಕಂಡಿದೆ. 2000ದ ಆಸುಪಾಸಿನಲ್ಲಿ ಇಲ್ಲಿ ಕಾಲ್ ಸೆಂಟರುಗಳು ತೆರೆದಾಗ, ಅಮೆರಿಕದ ಗಿರಾಕಿಗಳೊಡನೆ ರಾತ್ರಿಯೆಲ್ಲ ಮಾತನಾಡಬೇಕಾದ ನಮ್ಮ ಹುಡುಗ ಹುಡುಗಿಯರಿಗೆ ಅಲ್ಲಿನ ಚಿತ್ರಗಳನ್ನೂ ಧಾರಾವಾಹಿಗಳನ್ನೂ ತೋರಿಸಿ ಉಚ್ಚಾರಣೆ ತಿದ್ದಿದರು. ಎಷ್ಟೋ ಕಡೆ ಹೆಸರನ್ನೂ ಬದಲಿಸಿದರು. ಹಗಲಿನಲ್ಲಿ ನಾಗರಾಜನಾದವನು ರಾತ್ರಿ ನಿಕ್ ಆದ. ಇದು ಸುಳ್ಳೆ? ಹೊಟ್ಟೆಪಾಡಿಗಾಗಿ ವೇಷ ಹಾಕಿದವನನ್ನು ಸುಳ್ಳುಗಾರನೆನ್ನುವುದು ನಿರ್ದಯ. ಆದರೆ ‘ನಾಳೆ ಸರಿಪಡಿಸುತ್ತೇನೆ’ ಎಂದು ನಿಕ್ ಕೊಟ್ಟ ಮಾತಿಗೆ ಯಾರು ನಿಲ್ಲಬೇಕು? ನಿಕ್ ಇಲ್ಲವೇ ಇಲ್ಲ. ನಾಗರಾಜ ಮಾತು ಕೊಟ್ಟಿಲ್ಲ. ಅವನಿಂದ ಕಸಿದುಕೊಂಡದ್ದು ಹೆಸರೊಂದನ್ನೇ ಅಲ್ಲ. ತನ್ನ ಮಾತಿಗೆ ತಾನು ನಿಲ್ಲುವ ಘನತೆಯನ್ನು. ದೋಷ ಆ ಹುಡುಗನದಕ್ಕಿಂತ ಹೆಚ್ಚಾಗಿ, ಮನುಷ್ಯನನ್ನು ಬಿಟ್ಟು ಧ್ವನಿಯನ್ನು ಮಾತ್ರ ಕೊಂಡವರದು.

ಇನ್ನೊಂದು ದೋಷ ನಮ್ಮದೇ. ತೆರೆಯಿಂದ ನಯವಾದ ಉಚ್ಚಾರಣೆ ಕಲಿತವನು, ‘ಇಸ್ಕೂಲು’ ‘ಬಸ್ಸು’ ಎನ್ನುವವನನ್ನು ಕಂಡು ನಗುತ್ತಾನೆ. ಪದದ ಕೊನೆಗೆ ಸ್ವರ ಸೇರಿಸುವುದು ಕನ್ನಡದ ಜಾಯಮಾನ, ಅದರಲ್ಲಿ ನಾಚಿಕೆಪಡುವಂಥದೇನಿಲ್ಲ. ಇಸ್ಕೂಲು ಎಂದು, ಮಗನ ಇಸ್ಕೂಲಿನ ಫೀಜನ್ನು ಹೇಳಿದ ದಿನಕ್ಕೆ ತಂದು ಕಟ್ಟುವ ತಂದೆಯ ಇಂಗ್ಲಿಷ್ ಪೂರ್ತಿಯಾಗಿ ಅವನದು. ಕಲಿತ ಮಾತು ಇನ್ನೊಬ್ಬನನ್ನು ತಲುಪುವುದಕ್ಕೆ ಏಣಿಯಾಗಬೇಕು. ಅವನನ್ನು ಕೆಳಗೆ ನಿಲ್ಲಿಸುವುದಕ್ಕೆ ಏಣಿಯಾದರೆ ಅದರ ಉಚ್ಚಾರಣೆ ಎಷ್ಟು ಶುದ್ಧವಾಗಿದ್ದರೂ ಅದು ಹೊಲಸು.

ಆದ್ದರಿಂದ ಕೇಳುವ ವಿದ್ಯಾರ್ಥಿಗಳಿಗೆ ಹೇಳುವುದಿಷ್ಟು. ಚಿತ್ರಗಳನ್ನು ನೋಡಿ, ನಾಚಿಕೆಯಿಲ್ಲದೆ ಅನುಕರಿಸಿ, ನಗುವವರು ನಗಲಿ. ಆದರೆ ತೆರೆಯಿಂದ ತಂದ ಮಾತನ್ನು ಕನ್ನಡಿಯ ಮುಂದೆಯೇ ಆಡಿ ಮುಗಿಸಬೇಡಿ. ತಿರುಗಿ ಉತ್ತರ ಕೊಡಬಲ್ಲ, ‘ನೀನು ಹೀಗೆ ಹೇಳಿದೆಯಲ್ಲ’ ಎಂದು ಮರುದಿನ ಕೇಳಬಲ್ಲ ಒಬ್ಬ ಮನುಷ್ಯನ ಬಳಿಗೆ ಅದನ್ನು ಒಯ್ಯಿರಿ. ತಪ್ಪುತಪ್ಪಾಗಿ ಆಡಿದರೂ ಚಿಂತೆಯಿಲ್ಲ. ವ್ಯಾಕರಣದ ತಪ್ಪನ್ನು ಯಾರಾದರೂ ತಿದ್ದಬಹುದು. ಮಾತಿಗೆ ತಪ್ಪಿದರೆ ತಿದ್ದಬೇಕಾದವನು ಆಡಿದವನೇ. ಎರವಲು ತಂದ ಮಾತಿನಲ್ಲಿ ಒಮ್ಮೆ ಕೊಟ್ಟ ಮಾತನ್ನು ನಡೆಸಿದೆವೆಂದರೆ, ಅಲ್ಲಿಂದ ಮುಂದೆ ಅದು ಎರವಲಲ್ಲ.